ಹವಳ ಹೇಳುವ ಹಳೆಯ ಕಡಲ ಕಥೆ



ಚಾರ್‌ಮಿನಾರ್ ಬಳಿಯ ಪತ್ಥರ್‌ಗಟ್ಟಿಯಲ್ಲಿ ಮುತ್ತು ಹವಳಕ್ಕೆ ಚೌಕಾಸಿ ಮಾಡದವರು ನಮ್ಮಲ್ಲಿ ಯಾರಿದ್ದಾರೆ? ಇಂದು ಹೇಳಹೊರಟಿರುವುದು ಆ ಕೆಂಪು ಹವಳದ ದೂರದ ನೆಂಟನ ವಿಷಯ. ಬೆಚ್ಚನೆಯ, ಆಳವಿಲ್ಲದ ಕಡಲಿನಲ್ಲಿ ದಿಬ್ಬ ಕಟ್ಟುವ ಈ ಹವಳವನ್ನು ಯಾರೂ ಸರಕ್ಕೆ ಪೋಣಿಸುವುದಿಲ್ಲ. ಆದರೆ ಅದರ ಹೊಟ್ಟೆಯಲ್ಲಿ ನೂರಾರು ವರ್ಷಗಳ ಕಡಲಿನ ಲೆಕ್ಕವಿರುತ್ತದೆ.

ನಮಗೆ ಹತ್ತಿರದ ಹವಳದ ನಾಡು ಲಕ್ಷದ್ವೀಪ. ಅದೇನೂ ಪೂರ್ತಿ ಪರಸ್ಥಳವಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ಪೊರೈಟಿಸ್ ಎಂಬ ಗುಂಡು ಹವಳ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಸೀಳಿ ಎಕ್ಸ್-ರೇ ತೆಗೆದರೆ ಮರದ ಉಂಗುರಗಳಂತೆ ಪಟ್ಟೆಗಳು ಕಾಣುತ್ತವೆ. ಒಂದು ಜೋಡಿಗೆ ಒಂದು ವರ್ಷ. ಈ ಲೆಕ್ಕ ಖಚಿತವಾದ ಬಗೆ ವಿಚಿತ್ರ. ಪೆಸಿಫಿಕ್ಕಿನ ಎನಿವೆಟಾಕ್‌ನಲ್ಲಿ ಅಮೆರಿಕ ನಡೆಸಿದ ಅಣುಬಾಂಬ್ ಪರೀಕ್ಷೆಗಳ ವಿಕಿರಣ ಹವಳದೊಳಗೆ ಗುರುತು ಬಿಟ್ಟಿತ್ತು. ಸ್ಫೋಟದ ವರ್ಷ ಗೊತ್ತಿದ್ದುದರಿಂದ ಪಟ್ಟೆ ಎಣಿಸಿ ತಾಳೆ ನೋಡಿದರು. ಅದು ಪ್ರಕಟವಾದದ್ದು 1972ರಲ್ಲಿ. ಬಾಂಬಿನಿಂದಲೂ ಇಷ್ಟು ಉಪಕಾರ!

ಇನ್ನು ರಸಾಯನದ ಮಾತು. ಹವಳದ ಗೂಡೆಂದರೆ ಸುಣ್ಣ. ಕಡಲಿನಿಂದ ಕ್ಯಾಲ್ಸಿಯಂ ಹೀರುವಾಗ ಅದರ ದಾಯಾದಿ ಸ್ಟ್ರಾಂಷಿಯಂ ಕೂಡ ಒಳನುಸುಳುತ್ತದೆ, ಸಾವಿರಕ್ಕೆ ಸುಮಾರು ಒಂಬತ್ತರಂತೆ. ನೀರು ಬಿಸಿಯಾದಷ್ಟೂ ನುಸುಳುವುದು ಕಡಿಮೆ. ಆಮ್ಲಜನಕದಲ್ಲಿ ಹಗುರ, ಭಾರ ಎಂಬ ಬಗೆಗಳಿವೆ. ಬಿಸಿನೀರಿನ ಪಟ್ಟೆಯಲ್ಲಿ ಭಾರದ್ದರ ಪಾಲು ಇಳಿಯುತ್ತದೆ. ತೊಡಕೆಂದರೆ ಮಳೆನೀರು ಬೆರೆತರೂ ಅದು ಇಳಿಯುತ್ತದೆ. ಹಾಗಾಗಿ ಎರಡನ್ನೂ ಅಳೆದು ಬಿಸಿ ಎಷ್ಟು, ಮಳೆ ಎಷ್ಟು ಎಂದು ಬಿಡಿಸುತ್ತಾರೆ. ಅಹಮದಾಬಾದಿನ ಭೌತ ಸಂಶೋಧನಾಲಯದ ಚಕ್ರವರ್ತಿ ಮತ್ತು ರಮೇಶ್ ಅವರು ಲಕ್ಷದ್ವೀಪದ ಹವಳದ ಆಮ್ಲಜನಕದಲ್ಲಿ ಮುಂಗಾರು ಕಡಲನ್ನು ತಣಿಸಿದ ಗುರುತನ್ನು ಓದಿ 1993ರಲ್ಲಿ ಪ್ರಕಟಿಸಿದರು.

ಇದಕ್ಕೂ ನಮ್ಮ ಊರಿಗೂ ಸಂಬಂಧವಿದೆ. ಪ್ರಗತಿನಗರದಲ್ಲಿರುವ ಇನ್‌ಕಾಯಿಸ್, ಅಂದರೆ ಸಾಗರ ಮಾಹಿತಿ ಕೇಂದ್ರ, ಉಪಗ್ರಹ ಅಳೆದ ಕಡಲಿನ ಬಿಸಿ ನೋಡಿ ಹವಳಕ್ಕೆ ಅಪಾಯವಿದ್ದರೆ ಎಚ್ಚರಿಕೆ ಕೊಡುತ್ತದೆ. ಆದರೆ ಉಪಗ್ರಹದ ನೆನಪು ಸುಮಾರು ನಾಲ್ಕು ದಶಕದ್ದು. ಅದಕ್ಕೂ ಹಿಂದೆ ಹಡಗಿನವರು ಅಲ್ಲೊಮ್ಮೆ ಇಲ್ಲೊಮ್ಮೆ ಅಳೆದದ್ದಷ್ಟೇ. ಇಂಥ ಬಿಸಿ ಅಜ್ಜನ ಕಾಲದಲ್ಲೂ ಇತ್ತೇ ಎಂದು ಕೇಳುವುದಾದರೆ ಹವಳವನ್ನೇ ಕೇಳಬೇಕು.

ಆ ಹವಳವೇ ಈಗ ಕಾಯಿಲೆ ಬಿದ್ದಿದೆ. 1998, 2010, 2016, 2024ರ ಬಿಸಿಗೆ ಲಕ್ಷದ್ವೀಪದ ಹವಳ ತನ್ನೊಳಗೆ ಅನ್ನ ಬೇಯಿಸಿ ಹಾಕುತ್ತಿದ್ದ ಪಾಚಿಯನ್ನು ಕಳೆದುಕೊಂಡು ಬಿಳಿಚಿತು. ಪಾಚಿ ಮರಳದಿದ್ದರೆ ಸಾವು; ದಿನಚರಿಯೂ ಅಲ್ಲಿಗೇ ನಿಂತಿತು.

ಸಂಶೋಧಕರು ಹವಳ ಕೊರೆದು ಕೋಲಿನಂಥ ತುಂಡು ತೆಗೆದ ಮೇಲೆ ರಂಧ್ರಕ್ಕೆ ಸಿಮೆಂಟಿನ ಬಿರಟೆ ಜಡಿದು ಬರುತ್ತಾರೆ. ಹವಳ ಬದುಕಿದ್ದರೆ ಕೆಲವು ವರ್ಷಗಳಲ್ಲಿ ಅದರ ಮೇಲೆ ಬೆಳೆದು ಗಾಯ ಮುಚ್ಚಿಕೊಳ್ಳುತ್ತದೆ.