ಬಾಡಿಗೆ ಕಟ್ಟಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಾಡಿಗೆ ಕಟ್ಟುವ ಕಷ್ಟವನ್ನು ಆ ಸಾಲಿಗೆ ಸೇರಿಸಲಿಲ್ಲ. ಹಾಸನದಲ್ಲಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಾಗಲಿ, ತಿಂಗಳ ಮೊದಲ ವಾರ ಮನೆಯೊಡೆಯರ ಕಣ್ತಪ್ಪಿಸಿ ಓಡಾಡುವ ಗೃಹಸ್ಥರು ಇಲ್ಲವೆಂದು ಯಾರೂ ಎದೆ ತಟ್ಟಿ ಹೇಳಲಾರರು.

ಅಂಥವರನ್ನು ಕುರಿತು ಲೋಕದ ಮಾತು ಒಂದೇ: "ಬಾಡಿಗೆ ಕೊಡಲಾರದವನಿಗೆ ಹಕ್ಕೆಲ್ಲಿಯದು?" ಇದು ಶುದ್ಧ ತಪ್ಪು. ಬಾಡಿಗೆಯ ಬಾಕಿ ಸಾಲವೇ ಹೊರತು ಕಳ್ಳತನವಲ್ಲ. ಪಾತ್ರೆಪಡಗವನ್ನು ಬೀದಿಗೆಸೆಯುವ, ಬಾಗಿಲಿಗೆ ಬೇರೆ ಬೀಗ ಜಡಿಯುವ ಅಧಿಕಾರ ಯಾವ ಮನೆಯೊಡೆಯನಿಗೂ ಇಲ್ಲ; ಬಿಡಿಸಬೇಕಾದರೆ ನ್ಯಾಯಾಲಯಕ್ಕೆ ಹೋಗಬೇಕು. ಬಲಾತ್ಕಾರದಿಂದ ಹೊರದೂಡಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯಿದೆ ಅವಕಾಶ ಕೊಟ್ಟಿದೆ.

ಇನ್ನು ಸರ್ಕಾರದ ದಯೆಯನ್ನು ನೋಡೋಣ. 1999ರ ಕರ್ನಾಟಕ ಬಾಡಿಗೆ ಕಾಯಿದೆಯು, ತಗಾದೆಯ ನೋಟೀಸು ತಲುಪಿದ ಮೇಲೆ ಬಾಕಿ ತೀರಿಸಲು ಎರಡು ತಿಂಗಳ ಅವಧಿ ಕೊಟ್ಟಿತು. ಸಂತೋಷ! ಆದರೆ ಬೆಂಗಳೂರಿನಂಥ ಕಡೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದೇ ಕಾಯಿದೆ ಹೊರಗಿಟ್ಟಿತು. ಇಂದು 2,000 ರೂಪಾಯಿಗೆ ಹಾಸನದಲ್ಲಿ ಸಂಸಾರವಂದಿಗರಿಗೆ ಎಂಥ ಮನೆ ಸಿಕ್ಕೀತು? ಹೊರಗುಳಿದವರಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಗತಿ. ಅದರ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ತಿಂಗಳ ಬಾಡಿಗೆಯವನಿಗೆ ಹದಿನೈದು ದಿನಗಳ ನೋಟೀಸು ಸಾಕು. ಕಾರಣ ಹೇಳಬೇಕಾದುದೂ ಇಲ್ಲ. ಅಕ್ಕಿ ಬೇಳೆಯ ಬೆಲೆ ಏರಿತು, ಬಾಡಿಗೆ ಏರಿತು. ಕಾಯಿದೆಯ ಅಂಕಿ ಮಾತ್ರ ಗೂಟದಂತೆ ನಿಂತಿತು. ಕಷ್ಟಕಾಲದಲ್ಲಿ ತಗಾದೆಗೆ ತಡೆ ಬೇಕೆಂಬುದು ಸರ್ಕಾರಕ್ಕೆ ತಿಳಿಯದುದೇನಲ್ಲ. 2020ರ ಮಾರ್ಚಿ 29ರಂದು, ಒಂದು ತಿಂಗಳ ಕಾಲ ಕೆಲಸಗಾರರಿಂದ ಬಾಡಿಗೆ ಕೇಳಕೂಡದೆಂದು ಕೇಂದ್ರ ಗೃಹ ಸಚಿವಾಲಯವೇ ಆಜ್ಞೆ ಮಾಡಿತ್ತು.

ಒಂದು ಮನೆಯ ಬಾಡಿಗೆಯನ್ನೇ ನಂಬಿ ಬದುಕುವ ವಿಧವೆಯ ಗತಿಯೇನು ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ಆದುದರಿಂದಲೇ ಬಾಡಿಗೆದಾರನು ತಲೆಮರೆಸಿಕೊಳ್ಳಬಾರದು. ಗಡುವಿಗೆ ಮೊದಲೇ ಬಾಯಿ ಬಿಟ್ಟು ಹೇಳಲಿ. ಆದಷ್ಟು ಕೊಟ್ಟು ರಸೀತಿ ಪಡೆಯಲಿ. ಉಳಿದುದಕ್ಕೆ ಕಂತು ಕೇಳಲಿ. ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ಮಾತಾದರೆ ಬರೆಯಿಸಿಕೊಳ್ಳಲಿ. ಬಾಯಿಮಾತಿಗೆ ಕಟಕಟೆಯಲ್ಲಿ ಬೆಲೆ ಕಡಮೆ. ನೋಟೀಸು ಬಂದರೆ ಹೆದರಿ ಮೂಲೆಗಿಡದೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಯ್ಯಲಿ. 1987ರ ಕಾಯಿದೆಯಂತೆ ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೂ ವರಮಾನ ನೋಡದೆ ಉಚಿತ ವಕೀಲರ ನೆರವುಂಟು. ಉಳಿದವರಿಗೆ ವರಮಾನದ ಮಿತಿಯೊಳಗೆ ಉಂಟು.

ಇಷ್ಟನ್ನೂ ಬಾಡಿಗೆದಾರ ಮಾಡಿಯಾನು. ಆದರೆ ಹದಿನೈದು ದಿನವನ್ನು ಎರಡು ತಿಂಗಳು ಮಾಡುವುದು ಅವನೊಬ್ಬನ ಕೈಯಲ್ಲಿಲ್ಲ. ಅದು ಶಾಸನಸಭೆಯ ಕೆಲಸ. ವೋಟು ಕೇಳಲು ಬಂದವರನ್ನು ಆ 2,000 ರೂಪಾಯಿಯ ಲೆಕ್ಕ ಕೇಳಿರಿ. ಬಾಡಿಗೆ ಮನೆಯ ಬಾಗಿಲನ್ನೂ ಅವರು ತಟ್ಟಿಯೇ ತಟ್ಟುತ್ತಾರೆ.