ಒಂದೇ ನೆಲ, ನಾಲ್ಕು ಹೆಸರು

ತಾರ್ನಾಕದಿಂದ ಹಬ್ಸಿಗುಡದ ಕಡೆಗೆ ಸಾಗುವವರಿಗೆ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಫಲಕ ನಿತ್ಯದ ನೋಟ. 1961ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ವಿಜ್ಞಾನಿಗಳು ಅಂಟಾರ್ಕ್ಟಿಕಾದ 'ಮೈತ್ರಿ' ಕೇಂದ್ರದಲ್ಲಿ ಭೂಕಂಪನ ಅಧ್ಯಯನ ನಡೆಸಿದವರು. ಅಂಟಾರ್ಕ್ಟಿಕ್ ಒಪ್ಪಂದ ಜಾರಿಗೆ ಬಂದದ್ದೂ ಅದೇ ವರ್ಷ. 2024ರ ಮೇ ತಿಂಗಳಲ್ಲಿ ಒಪ್ಪಂದದ ರಾಷ್ಟ್ರಗಳು ಕೊಚ್ಚಿಯಲ್ಲಿ 46ನೆಯ ಸಮಾಲೋಚನಾ ಸಭೆ ನಡೆಸಿದಾಗ, ಕುತೂಹಲದಿಂದ ಮಗಳ ಹಳೆಯ ಅಟ್ಲಾಸನ್ನು ಬಿಡಿಸಿ ಕುಳಿತೆ.

ದಕ್ಷಿಣ ಅಮೆರಿಕದತ್ತ ಬೆರಳಿನಂತೆ ಚಾಚಿಕೊಂಡಿರುವ ಸುಮಾರು 1,300 ಕಿಲೋಮೀಟರ್ ಉದ್ದದ ಪರ್ಯಾಯ ದ್ವೀಪವೊಂದು ಅಲ್ಲಿದೆ. 1820ರಲ್ಲಿ ಬ್ರಿಟನ್ನಿನ ಬ್ರಾನ್ಸ್‌ಫೀಲ್ಡ್ ಅದನ್ನು ಕಂಡ; ಅದೇ ವರ್ಷ ಅಮೆರಿಕದ ಸೀಲ್ ಬೇಟೆಗಾರ ಪಾಮರ್ ಕೂಡ ಕಂಡ. 1832ರಲ್ಲಿ ಬಿಸ್ಕೋ ಎಂಬ ನಾವಿಕ ತನ್ನ ದೇಶದ ನೌಕಾಡಳಿತದ ಮುಖ್ಯಸ್ಥನ ನೆನಪಿಗೆ 'ಗ್ರಹಾಮ್ ಲ್ಯಾಂಡ್' ಎಂದು ಕರೆದ. (ಮೇಲಧಿಕಾರಿಯನ್ನು ಮೆಚ್ಚಿಸುವ ಪದ್ಧತಿ ಬ್ಯಾಂಕಿನವರಿಗೆ ಹೊಸದಲ್ಲ!) ಅಮೆರಿಕನ್ನರು 'ಪಾಮರ್ ಪೆನಿನ್ಸುಲಾ' ಎಂದರು. ಚಿಲಿಗೆ ಅದು ಓ'ಹಿಗಿನ್ಸ್ ನಾಡು, ಅರ್ಜೆಂಟೀನಾಕ್ಕೆ ಸಾನ್ ಮಾರ್ಟಿನ್ ನಾಡು. ಇಬ್ಬರೂ ಅವರವರ ಸ್ವಾತಂತ್ರ್ಯ ವೀರರು. ಬ್ರಿಟನ್, ಚಿಲಿ, ಅರ್ಜೆಂಟೀನಾಗಳ ಭೂಹಕ್ಕು ಇಲ್ಲಿ ಒಂದರ ಮೇಲೊಂದು ಬೀಳುವುದರಿಂದ, ಹೆಸರೆಂದರೆ ಹಕ್ಕುಪತ್ರವೇ ಆಗಿತ್ತು.

1964ರಲ್ಲಿ ಬ್ರಿಟನ್, ಅಮೆರಿಕಗಳು ರಾಜಿಯಾದವು. ಇಡೀ ಭೂಭಾಗ 'ಅಂಟಾರ್ಕ್ಟಿಕ್ ಪೆನಿನ್ಸುಲಾ' ಆಯಿತು; ಉತ್ತರಾರ್ಧಕ್ಕೆ ಗ್ರಹಾಮ್, ದಕ್ಷಿಣಾರ್ಧಕ್ಕೆ ಪಾಮರ್ ಹೆಸರು ಉಳಿಯಿತು. ಯಾರ ಹೆಸರನ್ನೂ ಅಳಿಸಲಿಲ್ಲ. ಉಳಿದೆರಡು ದೇಶಗಳು ತಮ್ಮ ಹೆಸರನ್ನು ಬಿಟ್ಟುಕೊಡಲಿಲ್ಲ. ಅಂತರರಾಷ್ಟ್ರೀಯ ಅಂಟಾರ್ಕ್ಟಿಕ್ ಸ್ಥಳನಾಮ ಸೂಚಿಯಲ್ಲಿ ಒಂದೇ ಸ್ಥಳಕ್ಕೆ ಬೇರೆ ಬೇರೆ ದೇಶಗಳಿಟ್ಟ ಹೆಸರುಗಳೂ ದಾಖಲಾಗುತ್ತವೆ.

ಅದು ಜನವಸತಿಯೇ ಇಲ್ಲದ ಹಿಮಭೂಮಿ. ಕಾಸರಗೋಡಿನಲ್ಲಾದರೋ ತಲೆಮಾರುಗಳಿಂದ ಬಾಳಿದ ಕನ್ನಡಿಗರಿದ್ದಾರೆ. ಮಧೂರು 'ಮಧುರಂ' ಆಗಲಿದೆ, ಮಲ್ಲ 'ಮಲ್ಲಂ' ಆಗಲಿದೆ ಎಂಬ ವರದಿಗಳು 2021ರ ಜೂನ್‌ನಲ್ಲಿ ಬಂದಾಗ ಕರ್ನಾಟಕದಲ್ಲಿ ಆಕ್ಷೇಪವೆದ್ದಿತು. ಅಂಥ ನಿರ್ಧಾರವೇ ಇಲ್ಲವೆಂದು ಕೇರಳ ಸರಕಾರ ಸ್ಪಷ್ಟಪಡಿಸಿತು. ಆ ಮಾತನ್ನು ನಂಬೋಣ. ಆದರೆ ಊರಿನ ಹೆಸರು ಆಜ್ಞೆಯಿಂದಲೇ ಬದಲಾಗಬೇಕೆಂದಿಲ್ಲ. ಬಸ್ಸಿನ ಫಲಕ, ಪಡಿತರ ಚೀಟಿ, ಪಾಸ್‌ಬುಕ್ಕಿನ ವಿಳಾಸ ಇವುಗಳಲ್ಲಿ ಒಂದೊಂದೇ ಅಕ್ಷರ ಸವೆಯುತ್ತದೆ. ಮೂವತ್ತು ವರ್ಷ ವಿಳಾಸ ಬರೆದ ಕೈ ಇದು. ಗುಮಾಸ್ತನ ಲೇಖನಿಯ ಬಲ ನನಗೆ ಗೊತ್ತು. ಮಧೂರಿನ ಫಲಕದಲ್ಲಿ ಮಲಯಾಳವೂ ಇರಲಿ, ಕನ್ನಡವೂ ಇರಲಿ. ಎರಡರಲ್ಲೂ ಓದುವಾಗ ಅದು ಮಧೂರೇ ಆಗಿರಲಿ.