ಎರಡು ಡಬ್ಬಿಯ ಲೆಕ್ಕ



ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಗೆ ಬಂದ ಅತಿಥಿಯ ವಿಷಯ ನಿಮಗೆ ಹೇಳಲೇಬೇಕು. ಮೈಸೂರಿನ ಹಾಸ್ಟೆಲಿನಲ್ಲಿರುವ ನನ್ನ ಮಗಳು ತಿಪಟೂರಿಗೆ ಬರುವಾಗ ಗೆಳತಿಯೊಬ್ಬಳನ್ನೂ ಕರೆದುಕೊಂಡು ಬಂದಳು. ಆಫ್ರಿಕಾದ ಕೀನ್ಯಾ ದೇಶದವಳು, ಊರು ನಕೂರು. "ಏನು ತಿನ್ನುತ್ತಾಳೋ, ಏನು ಬಿಡುತ್ತಾಳೋ" ಎಂದು ನನಗೆ ಒಳಗೊಳಗೇ ದಿಗಿಲು. ಆದರೆ ಚಪಾತಿ ಎಂದರೆ ಅವರ ನಾಡಿನಲ್ಲೂ ಚಪಾತಿಯೇ ಅಂತೆ! ಅರ್ಧ ಭಯ ಅಲ್ಲೇ ಹೋಯಿತು.

ಮಾರನೆಯ ದಿನ ನಾನು ಅಕ್ಕನ ಮೊಮ್ಮಗುವಿಗೆಂದು ರಾಗಿ ಸರಿ ಮಾಡಲು ಕೂತಿದ್ದೆ. ಮೊಳಕೆ ಬರಿಸಿ ಒಣಗಿಸಿದ ರಾಗಿಯನ್ನು ಮೊರದಲ್ಲಿ ಉಜ್ಜುತ್ತಿದ್ದಾಗ ಅವಳು ಪಕ್ಕದಲ್ಲಿ ಕೂತು, ಒಂದು ಹಿಡಿ ಎತ್ತಿಕೊಂಡು, "ವಿಂಬಿ!" ಎಂದಳು. ಅವರ ಮಾತಿನಲ್ಲಿ ರಾಗಿಗೆ ವಿಂಬಿ ಎನ್ನುತ್ತಾರೆ. ಅದರ ಗಂಜಿಗೆ ಉಜಿ. ನಾವು ಅಂಬಲಿ ಕುಡಿಯುವಂತೆ ಅವರು ಉಜಿ ಕುಡಿಯುತ್ತಾರೆ, ಮಕ್ಕಳಿಗೂ ಕೊಡುತ್ತಾರೆ. ಗೊತ್ತಾ ನಿಮಗೆ? ರಾಗಿಯ ತವರುಮನೆ ಪೂರ್ವ ಆಫ್ರಿಕಾದ ಎತ್ತರದ ಸೀಮೆಯೇ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂದದ್ದು. ನಾವು ಮಾತ್ರ ನಮ್ಮದೇ ಎಂದು ಬೀಗುತ್ತೇವೆ!

ಹುಡುಗಿಯ ಮನಸ್ಸಿನಲ್ಲಿ ಒಂದು ಯೋಚನೆ ಇತ್ತು. ಓದು ಮುಗಿಸಿ ಊರಿಗೆ ಹೋದ ಮೇಲೆ ಹೀಗೇ ಮೊಳಕೆ ಕಟ್ಟಿದ ರಾಗಿ ಹಿಟ್ಟನ್ನು ಪೊಟ್ಟಣ ಮಾಡಿ ಮಾರಬೇಕು ಎಂದು. ಬಂಡವಾಳ? ಅವಳ ತಾಯಿ ಸಂತೆಯಲ್ಲಿ ತರಕಾರಿ ಮಾರುವವಳು. ಅಂಥವರನ್ನು ಅಲ್ಲಿ 'ಮಾಮಾ ಂಬೋಗಾ' ಎಂದು ಕರೆಯುತ್ತಾರೆ, ತರಕಾರಿ ಅಮ್ಮ ಎಂದ ಹಾಗೆ. ಆಕೆ ಇಪ್ಪತ್ತು ಹೆಂಗಸರ 'ಚಾಮಾ' ಒಂದರಲ್ಲಿ ಇದ್ದಾಳೆ. ಚಾಮಾ ಎಂದರೆ ನಮ್ಮ ಚೀಟಿಯ ಹಾಗೆಯೇ ಕಣ್ರೀ. ಎಲ್ಲರೂ ಇಷ್ಟಿಷ್ಟು ಹಾಕುವುದು, ಸರದಿಯ ಪ್ರಕಾರ ಒಬ್ಬೊಬ್ಬರು ಎತ್ತುವುದು. ಈ ಸಲದ ಸರದಿ ಬಂದಾಗ ಆ ದುಡ್ಡನ್ನು ಮಗಳ ಕೈಗೆ ಕೊಡುತ್ತೇನೆ ಎಂದಿದ್ದಾಳಂತೆ.

"ಆಂಟಿ, ನೀವು ಹಪ್ಪಳದ ವ್ಯಾಪಾರ ಮಾಡಿದ್ದಿರಂತೆ. ನನಗೆ ಬುದ್ಧಿ ಹೇಳಿ" ಎಂದು ಕೇಳಿದಳು. ನನಗೆ ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಏಕೆಂದರೆ ಆ ವ್ಯಾಪಾರ ಎರಡೇ ವರ್ಷಕ್ಕೆ ಮುಚ್ಚಿತು. ಅಮ್ಮ ಕೊಟ್ಟ ಬಳೆಗಳನ್ನು ಅಡವಿಟ್ಟು ಶುರು ಮಾಡಿದ್ದೆ. ಬಳೆ ವಾಪಸು ಬರಲೇ ಇಲ್ಲ.

ಹಪ್ಪಳ ಚೆನ್ನಾಗಿರಲಿಲ್ಲವೇ ಎಂದರೆ, ಬಹಳ ಚೆನ್ನಾಗಿತ್ತು! ಎಲ್ಲರೂ ಕೇಳಿ ಕೇಳಿ ಒಯ್ಯುತ್ತಿದ್ದರು. ಬಂದ ದುಡ್ಡನ್ನು ಸಾಸಿವೆ ಡಬ್ಬಿಯ ಪಕ್ಕದ ಡಬ್ಬಿಯಲ್ಲಿ ಹಾಕುತ್ತಿದ್ದೆ. ಹಾಲಿನವನಿಗೂ ಅದೇ ಡಬ್ಬಿ, ಮಕ್ಕಳ ಫೀಸಿಗೂ ಅದೇ ಡಬ್ಬಿ, ನಾದಿನಿಯ ಸೀಮಂತದ ಸೀರೆಗೂ ಅದೇ ಡಬ್ಬಿ. ಉದ್ದಿನಬೇಳೆ ತರಲು ಹೊರಟ ದಿನ ನೋಡಿದರೆ ತಳ ಕಾಣಿಸಿತು. ಇದನ್ನೆಲ್ಲ ಬಿಚ್ಚಿ ಹೇಳಿ, "ನನ್ನ ಹಾಗೆ ಮಾಡಬೇಡ ಮಗಳೇ, ಎರಡು ಡಬ್ಬಿ ಇಡು" ಎಂದೆ.

ಆಗ ಅವಳು ಹೇಳಿದ ಸಂಗತಿ ಕೇಳಿ ನನಗೇ ಆಶ್ಚರ್ಯ. ಕೀನ್ಯಾದಲ್ಲಿ 2007ರಲ್ಲೇ 'ಎಂ-ಪೆಸಾ' ಎಂದು ಫೋನಿನಲ್ಲಿ ಹಣ ಕಳಿಸುವ ವ್ಯವಸ್ಥೆ ಬಂತು. ನಮ್ಮ ಯುಪಿಐ ಬಂದದ್ದು 2016ರಲ್ಲಿ. ಸಂತೆಯ ತರಕಾರಿಯಮ್ಮನಿಗೂ ಅದರಲ್ಲೇ ದುಡ್ಡು. ಸಣ್ಣ ವ್ಯಾಪಾರಿಗಳಿಗೆಂದೇ ಅದರಲ್ಲಿ 'ಪೋಚಿ ಲಾ ಬಿಯಾಶಾರಾ' ಎಂಬುದೊಂದಿದೆ. ಅರ್ಥ 'ವ್ಯಾಪಾರದ ಪರ್ಸು'. ಗಿರಾಕಿ ಕೊಟ್ಟ ಹಣ ಸ್ವಂತದ ಹಣದ ಜೊತೆ ಸೇರದೆ ಬೇರೆಯೇ ಬೀಳುತ್ತದೆ. ನೋಡಿ, ನಾನು ಹೇಳಿದ ಎರಡನೆಯ ಡಬ್ಬಿ ಅವರ ಫೋನಿನೊಳಗೇ ಇದೆ! ಆದರೆ ಡಬ್ಬಿ ಇದ್ದರೆ ಸಾಲದು, ಮುಚ್ಚಳ ತೆಗೆಯುವ ಕೈಗೆ ಬಿಗಿ ಇರಬೇಕು.

ಆ ರಾತ್ರಿ ನಾವು ಮೂವರೂ ಊಟದ ನಂತರ ಪೆನ್ನು ಕಾಗದ ಹಿಡಿದು ಕೂತೆವು. ಅವಳಿಗೆ ಬರೆದುಕೊಟ್ಟದ್ದನ್ನೇ ನಿಮಗೂ ಬರೆಯುತ್ತಿದ್ದೇನೆ.

ಮೊದಲನೆಯದು, ನಿನ್ನ ಕೂಲಿಯನ್ನೂ ಲೆಕ್ಕಕ್ಕೆ ಹಿಡಿ. ಒಂದು ಪೊಟ್ಟಣ 100 ಶಿಲ್ಲಿಂಗಿಗೆ ಮಾರಿದೆ ಎಂದುಕೋ. ಕಾಳಿಗೆ 55, ಬೀಸುವುದಕ್ಕೆ 10, ಚೀಲಕ್ಕೆ 8, ಸಾಗಿಸಲು 7. ಒಟ್ಟು 80. ಉಳಿದ 20 ಲಾಭವೇ? ಅಲ್ಲ. ಅದರಲ್ಲಿ 12 ನಿನ್ನ ಕೂಲಿ. ಲಾಭ ಬರೀ 8. ನಾನು ಎರಡು ವರ್ಷ ನನ್ನ ಸೊಂಟನೋವಿಗೆ ಬೆಲೆಯೇ ಕಟ್ಟಲಿಲ್ಲ.

ಎರಡನೆಯದು, ಫೋನಿನಲ್ಲಿ ಥಟ್ಟನೆ ಸಿಗುವ ಸಾಲ. ಇದು ಅಲ್ಲಿ ಬಹಳವಂತೆ. ತಿಂಗಳಿಗೆ ನೂರಕ್ಕೆ ಏಳೂವರೆ ಎಂದರೆ ಕೇಳಲು ಸಣ್ಣದು, ವರ್ಷಕ್ಕೆ ತೊಂಬತ್ತಾಯಿತು! ಮೇಲಿನ 80 ಶಿಲ್ಲಿಂಗನ್ನು ಹಾಗೆ ತಂದು, ಸರಕು ಮಾರಲು ತಿಂಗಳಾದರೆ ಬಡ್ಡಿಯೇ 6. ಎಂಟರಲ್ಲಿ ಆರು ಹೋದರೆ ಉಳಿಯುವುದು ಎರಡು. ಅವರ ಸರ್ಕಾರ 2022ರಲ್ಲಿ ಸಣ್ಣವರಿಗೆಂದು 'ಹಸ್ಲರ್ ಫಂಡ್' ಶುರು ಮಾಡಿದಾಗ ಬಡ್ಡಿ ವರ್ಷಕ್ಕೆ ನೂರಕ್ಕೆ ಎಂಟು ಇತ್ತು. ಸಾಲ ಬೇಕೇ ಬೇಕಾದರೆ ಬಡ್ಡಿ ತಿಂಗಳಿನದೋ ವರ್ಷದ್ದೋ ಎಂದು ಕೇಳಿಯೇ ತೆಗೆದುಕೊಳ್ಳಬೇಕು.

ಮೂರನೆಯದು, ಕಾಳು ಒಣಗಿಸುವುದರಲ್ಲಿ ಅವಸರ ಬೇಡ. 2004ರಲ್ಲಿ ಕೀನ್ಯಾದ ಪೂರ್ವ ಭಾಗದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 125 ಜನ ಸತ್ತರು. ಆ ಬೂಷ್ಟಿನ ವಿಷ ಕುದಿಸಿದರೂ ಹೋಗುವುದಿಲ್ಲ. ರಾಗಿಗೆ ನೀರು ಹಾಕಿ ಮೊಳಕೆ ಬರಿಸುವವರು ಇನ್ನೂ ಎಚ್ಚರ ಇರಬೇಕು. ಮಗುವಿನ ಬಾಯಿಗೆ ಹೋಗುವ ಪದಾರ್ಥ ಅಲ್ಲವೇ? ಪೊಟ್ಟಣ ಅಂಗಡಿಗೆ ಹೋಗಬೇಕಾದರೆ ಅಲ್ಲಿಯ ಗುಣಮಟ್ಟ ಸಂಸ್ಥೆಯ ಮುದ್ರೆಯೂ ಬೇಕು. ಆ ಖರ್ಚನ್ನು ಮೊದಲೇ ತೆಗೆದಿಡಬೇಕು.

ನಾಲ್ಕನೆಯದು, ಕೈಗೆ ಗೊತ್ತಿರುವ ಕೆಲಸದಿಂದ ಶುರು ಮಾಡು. ಇದಕ್ಕೆ ಮಗಳು ಇಥಿಯೋಪಿಯಾದ ಒಂದು ಉದಾಹರಣೆ ಕೊಟ್ಟಳು. ಬೆಥ್ಲೆಹೆಮ್ ತಿಲಾಹುನ್ ಅಲೆಮು ಎಂಬಾಕೆ ಆಡಿಸ್ ಅಬಾಬಾದ ತಮ್ಮ ಬಡ ಕೇರಿಯ ಜನರಿಗೆ ನೂಲುವುದು, ನೇಯುವುದು ಚೆನ್ನಾಗಿ ಗೊತ್ತಿದೆ, ಕೆಲಸ ಮಾತ್ರ ಇಲ್ಲ ಎಂದು ಕಂಡುಕೊಂಡರು. ಹಳೆಯ ಟೈರಿನ ಅಟ್ಟೆ ಹಾಕಿ ಚಪ್ಪಲಿ ಮಾಡುವ ರೂಢಿಯೂ ಆ ನಾಡಿನಲ್ಲಿ ಇತ್ತು. ಎರಡನ್ನೂ ಸೇರಿಸಿ 'ಸೋಲ್‌ರೆಬೆಲ್ಸ್' ಎಂಬ ಹೆಸರಿನ ಪಾದರಕ್ಷೆ ಮಾಡಿ ಹೊರದೇಶಗಳಿಗೂ ಮಾರಿದರು.

ಐದನೆಯದು, ಬೆಳೆದ ಮೇಲೂ ಒಂದೇ ಕಡೆ ಜೋತುಬೀಳಬೇಡ. ಟೋಗೋ ದೇಶದ ಲೋಮೆ ಪಟ್ಟಣದಲ್ಲಿ ಹಾಲೆಂಡಿನ ಬಣ್ಣದ ಬಟ್ಟೆ ಮಾರುತ್ತಿದ್ದ ಹೆಂಗಸರು ಎಷ್ಟು ಶ್ರೀಮಂತರಾದರೆಂದರೆ ಬೆಂಜ್ ಕಾರು ಕೊಂಡರು. 'ನಾನಾ ಬೆಂಜ್' ಎಂದೇ ಅವರಿಗೆ ಹೆಸರಾಯಿತು. 1994ರ ಜನವರಿಯಲ್ಲಿ ಅಲ್ಲಿಯ ಫ್ರಾಂಕ್ ನಾಣ್ಯದ ಬೆಲೆಯನ್ನು ಅರ್ಧಕ್ಕೆ ಇಳಿಸಿದರು. ಪರದೇಶದ ಬಟ್ಟೆಗೆ ಎರಡರಷ್ಟು ದುಡ್ಡು ತೆರಬೇಕಾಯಿತು. ಆಮೇಲೆ ಚೀನಾದಿಂದ ಅಗ್ಗದ ನಕಲು ಬಟ್ಟೆ ಬಂತು. ಹಳೆಯ ವೈಭವ ಕರಗಿತು. ಅವರ ಜಾಣತನದಲ್ಲಿ ಏನೂ ಕಮ್ಮಿ ಇರಲಿಲ್ಲ ಎಂಬುದನ್ನು ನೆನಪಿಡಿ.

ಇಷ್ಟೆಲ್ಲ ಬರೆದ ಮೇಲೂ ಹುಡುಗಿಯ ಮುಖ ಸಪ್ಪಗಿತ್ತು. "ಏನು ಮಗಳೇ?" ಎಂದೆ. "ಆಂಟಿ, ಮನೆಯಲ್ಲಿ ನಾನೊಬ್ಬಳೇ ಓದಿದವಳು. ತಮ್ಮನ ಫೀಸು, ಚಿಕ್ಕಪ್ಪನ ಆಸ್ಪತ್ರೆ ಖರ್ಚು, ಎಲ್ಲಕ್ಕೂ ನನ್ನನ್ನೇ ಕೇಳುತ್ತಾರೆ. ಅಮ್ಮ ತನ್ನ ಚಾಮಾ ದುಡ್ಡು ಕೊಡುವಾಗ ನಾನು ತಮ್ಮನಿಗೆ ಇಲ್ಲ ಎನ್ನುವುದು ಹೇಗೆ?" ಎಂದಳು.

ಸೋದರಿಯರೇ, ಇದಕ್ಕೆ ನಾನು ಏನು ಹೇಳಲಿ? ನಾದಿನಿಯ ಸೀಮಂತಕ್ಕೆ ಸೀರೆ ಇಲ್ಲ ಎನ್ನಲು ನನಗೆ ಬಾಯಿ ಬಂದಿತ್ತೇ? ಕೊಡುವುದು ತಪ್ಪು ಎಂದು ನಾನು ಈಗಲೂ ಹೇಳಲಾರೆ. ಯೋಚಿಸಿ ಇಷ್ಟು ಹೇಳಿದೆ: "ಕೊಡು ಮಗಳೇ, ಆದರೆ ನಿನ್ನ ಕೂಲಿಯ ಹನ್ನೆರಡರಿಂದ ಕೊಡು. ತಿಂಗಳಿಗೆ ಇಷ್ಟೇ ಎಂದು ಅಮ್ಮನ ಎದುರಿಗೇ ಗೊತ್ತು ಮಾಡಿಕೋ. ಕಾಳಿನ ಎಂಬತ್ತಕ್ಕೆ ಮಾತ್ರ ಕೈ ಹಾಕಬೇಡ. ಅದು ನಿನ್ನದೂ ಅಲ್ಲ, ತಮ್ಮನದೂ ಅಲ್ಲ, ಮುಂದಿನ ಮೂಟೆ ರಾಗಿಯದು. ಅದು ಖಾಲಿಯಾದರೆ ಮುಂದಿನ ವರ್ಷ ತಮ್ಮನ ಫೀಸಿಗೂ ಏನೂ ಇರುವುದಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮಾತನ್ನು ತನ್ನ ಭಾಷೆಯಲ್ಲಿ ಕಾಗದದ ಕೊನೆಗೆ ಬರೆದುಕೊಂಡಳು.

ಹೊರಡುವ ದಿನ ಅರಿಶಿನ ಕುಂಕುಮ ಕೊಟ್ಟು, ಒಂದು ಸೇರು ರಾಗಿ ಸರಿ ಕಟ್ಟಿಕೊಟ್ಟೆ. ಜೊತೆಗೆ ಎರಡು ಸ್ಟೀಲ್ ಡಬ್ಬಿ ಇಟ್ಟೆ. ಫೋನಿನಲ್ಲಿ ಪರ್ಸು ಇದ್ದರೂ ಸಂತೆಯಲ್ಲಿ ಚಿಲ್ಲರೆ ಬಂದೇ ಬರುತ್ತದಲ್ಲ!

ಅವಳು ಹೋದ ಮೇಲೆ ಇವರು ಪೇಪರಿನಿಂದ ತಲೆ ಎತ್ತದೆ, "ಅಷ್ಟೆಲ್ಲ ಲೆಕ್ಕ ಹೇಳಿಕೊಟ್ಟೆಯಲ್ಲ, ನೀನೇ ಯಾಕೆ ಇನ್ನೊಂದು ಸಲ ಹಪ್ಪಳ ಒತ್ತಬಾರದು?" ಎಂದರು. ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಆದರೆ ಮರುದಿನ ಅಂಗಡಿಗೆ ಹೋದವಳು ಉದ್ದಿನಬೇಳೆಯ ಧಾರಣೆ ಎಷ್ಟು ಎಂದು ಕೇಳಿಕೊಂಡು ಬಂದೆ.

ನಿಮ್ಮ ಮನೆಯಲ್ಲಿ ಎಷ್ಟು ಡಬ್ಬಿ ಇವೆ? ಬರೆದು ತಿಳಿಸುತ್ತೀರಲ್ಲ?